ಕ್ಯಾಸೆಟ್ ಹಾಕುವ ಟಿವಿ ಗೇಮ್ ಈಗ ಕೊಳ್ಳುವುದಾದರೆ

ಬೆಂಗಳೂರಿನ ಎಸ್.ಪಿ. ರೋಡ್, ಗಾಂಧಿನಗರದ ನ್ಯಾಷನಲ್ ಮಾರ್ಕೆಟ್ ಕಡೆ ಹೋದರೆ, ಇಲ್ಲವೇ ಊರಿನ ಆಟದ ಸಾಮಾನಿನ ಅಂಗಡಿಗಳಲ್ಲಿ ಹುಡುಕಿದರೆ, ಕ್ಯಾಸೆಟ್ ಹಾಕಿ ಆಡುವ ಟಿವಿ ಗೇಮ್ ಈಗಲೂ ಸಿಗುತ್ತದೆ. ಡಬ್ಬದ ಮೇಲೆ ಗೊತ್ತಿರುವ ಕಂಪನಿಯ ಹೆಸರು ಇರುವುದಿಲ್ಲ. ಒಳಗೆ ಯಂತ್ರ, ಎರಡು ರಿಮೋಟ್, ಒಂದು ಪ್ಲಾಸ್ಟಿಕ್ ಬಂದೂಕು, ಅಡಾಪ್ಟರ್, ಎವಿ ವೈರ್, ‘9999999 ಇನ್ 1’ ಅಂತ ಬರೆದ ಒಂದು ಕ್ಯಾಸೆಟ್. ಬೆಲೆ ಸಾವಿರ ರೂಪಾಯಿಯ ಆಸುಪಾಸು, ಚೌಕಾಸಿ ಇದ್ದದ್ದೇ. ಪಕ್ಕದಲ್ಲೇ ಎಚ್‌ಡಿಎಂಐ ಗೇಮ್ ಸ್ಟಿಕ್ (ಟಿವಿಗೆ ನೇರ ಚುಚ್ಚಿ ಆಡುವ ಸಣ್ಣ ಕಡ್ಡಿ) ಕೂಡ ನೇತುಹಾಕಿರುತ್ತಾರೆ. ಅದರಲ್ಲಿ ಸಾವಿರಾರು ಆಟ, ವೈರ್ ಇಲ್ಲದ ರಿಮೋಟ್. ಎರಡರಲ್ಲಿ ಯಾವುದು, ತಂದ ಮೇಲೆ ಹೇಗೆ ಹಾಕಿಕೊಳ್ಳಬೇಕು, ಎಲ್ಲಿ ಕೆಡುತ್ತದೆ ಅನ್ನುವುದೇ ಈ ವಿಮರ್ಶೆ.

ಕೊಳ್ಳಲು ಬರುವವರಲ್ಲಿ ಚಿಕ್ಕಂದಿನಲ್ಲಿ ಇದನ್ನು ಆಡಿ ಬೆಳೆದು, ಈಗ ಮೂವತ್ತೈದು ನಲವತ್ತು ದಾಟಿದವರು ಬಹಳ. ‘ಮಗ ಎಷ್ಟನೇ ಕ್ಲಾಸು ಸಾರ್?’ ಅಂತ ಅಂಗಡಿಯವರು ಕೇಳುತ್ತಾರೆ. ‘ಅಣ್ಣನ ಮಗನಿಗೆ’ ಅಂದುಬಿಟ್ಟು, ಹಾಕಿಸಿ ನೋಡದೆ ಕಟ್ಟಿಸಿಕೊಂಡು ಹೊರಟರೆ ಮೊದಲ ತಪ್ಪು ಅಲ್ಲೇ ಆಯಿತು. ಈ ಸಾಮಾನಿಗೆ ವಾರಂಟಿ ಅನ್ನುವುದು ಬರೀ ಬಾಯಿಮಾತು. ಹತ್ತು ನಿಮಿಷ ಅಂಗಡಿಯಲ್ಲೇ ಆಡಿ ನೋಡಬೇಕು. ‘ನನಗೇ ಬೇಕು, ಹಾಕಿ ತೋರಿಸಿ’ ಅಂತ ಕೇಳುವುದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ.

ಎರಡನೆಯ ನಾಚಿಕೆ ಮನೆಯಲ್ಲಿ ಕಾದಿರುತ್ತದೆ. ಮಾರಿಯೋ ಶುರು ಮಾಡಿ ಮೊದಲ ಗುಂಡಿಯಲ್ಲೇ ಬೀಳುತ್ತೀರಿ. ಮತ್ತೆ ಬೀಳುತ್ತೀರಿ. ಹಾಡು ಏನೋ ಬೇರೆ ಥರ ಕೇಳುತ್ತದೆ. ಇಪ್ಪತ್ತು ನಿಮಿಷಕ್ಕೆ ‘ಇದಕ್ಕೇನಾ ಆಗ ಅಷ್ಟು ಒದ್ದಾಡಿದ್ದು’ ಅನ್ನಿಸಿ ಯಂತ್ರ ಅಟ್ಟ ಸೇರುತ್ತದೆ. ವಯಸ್ಸಾಯಿತು, ಕೈ ಓಡುವುದಿಲ್ಲ ಅಂದುಕೊಳ್ಳುವವರಿಗೆ ಒಂದು ಮಾತು: ಬಹುಪಾಲು ತಪ್ಪು ಕೈಯದ್ದಲ್ಲ. ಟಿವಿಯದ್ದು, ವೇಗದ್ದು, ರಿಮೋಟಿನದ್ದು. ಈ ಮೂರನ್ನೂ ಸರಿಮಾಡಿಕೊಳ್ಳಬಹುದು.

ಮೊದಲು ಯಂತ್ರದ ಹುಟ್ಟು ತಿಳಿದಿರಲಿ. ಜಪಾನಿನ ನಿಂಟೆಂಡೊ 1983ರ ಜುಲೈನಲ್ಲಿ ಫ್ಯಾಮಿಲಿ ಕಂಪ್ಯೂಟರ್ ಎಂಬ ಆಟದ ಯಂತ್ರ ತಂದಿತು. ಆಡುವವರು ಅದನ್ನು ಚಿಕ್ಕದಾಗಿ ಫ್ಯಾಮಿಕಾಮ್ ಅನ್ನುತ್ತಾರೆ. ನಮ್ಮಲ್ಲಿ 90ರ ದಶಕದಲ್ಲಿ ಲಿಟಲ್ ಮಾಸ್ಟರ್ ಮುಂತಾದ ಹೆಸರಿನಲ್ಲಿ ಬಂದವೂ ಈಗ ಸಿಗುವ ಹೆಸರಿಲ್ಲದ ಪೆಟ್ಟಿಗೆಗಳೂ ಅದರ ನಕಲುಗಳೇ. ಕೆಲಸದ ಮೆಮೊರಿ ಬರೀ 2 ಕೆಬಿ. 1985ರ ಸೂಪರ್ ಮಾರಿಯೋ ಬ್ರದರ್ಸ್ ಆಟ ಪೂರ್ತಿ 40 ಕೆಬಿಯಲ್ಲಿ ಮುಗಿಯುತ್ತದೆ, 32 ಸ್ಟೇಜೂ ಸೇರಿ. ಈಗಿನ ಪೆಟ್ಟಿಗೆ ಬಿಚ್ಚಿದರೆ ಒಳಗೆಲ್ಲ ಖಾಲಿ. ಅಂಗೈಯಷ್ಟು ಬೋರ್ಡು, ಅದರ ಮೇಲೆ ಕರಿ ಬೊಟ್ಟಿನಂಥ ಅಂಟು. ಫ್ಯಾಮಿಕಾಮ್ ಯಂತ್ರದ ಮುಖ್ಯ ಚಿಪ್ಪುಗಳ ಕೆಲಸವೆಲ್ಲ ಆ ಬೊಟ್ಟಿನ ಕೆಳಗಿನ ಒಂದೇ ಚಿಪ್ಪಿಗೆ ಬಂದಿದೆ. ಅದು ಸುಟ್ಟರೆ ರಿಪೇರಿ ಇಲ್ಲ, ಉಳಿದ ಎಲ್ಲದಕ್ಕೂ ಇದೆ.

ಈಗ ಟಿವಿ. ಹೆಚ್ಚು ಕಷ್ಟ ಇಲ್ಲೇ.

ಹಳೆಯ ಡಬ್ಬಾ ಟಿವಿ ಮನೆಯಲ್ಲೋ ಊರಲ್ಲೋ ಇದ್ದರೆ ಅದನ್ನು ಗುಜರಿಗೆ ಹಾಕಬೇಡಿ. ಈ ಯಂತ್ರಕ್ಕೆ ಅದಕ್ಕಿಂತ ಒಳ್ಳೆಯ ಜೊತೆ ಇಲ್ಲ. ಎಲ್‌ಇಡಿ ಟಿವಿಗೆ ಹಾಕುವುದಾದರೆ ಹಿಂದೆ ಹಳದಿ, ಬಿಳಿ, ಕೆಂಪು ತೂತು ಇದೆಯೇ ನೋಡಿ. ಇದ್ದರೆ ಹಳದಿ ಪಿನ್ ಹಳದಿಗೆ, ಬಿಳಿ ಪಿನ್ ಬಿಳಿಗೆ. ಈ ಯಂತ್ರದ ಧ್ವನಿ ಒಂದೇ ದಾರಿ, ಕೆಂಪು ಖಾಲಿ ಇದ್ದರೂ ಸರಿ. ಕೆಲವು ಟಿವಿಗಳಲ್ಲಿ ಹಳದಿ ತೂತು ಇರುವುದಿಲ್ಲ. ಹಸಿರು ತೂತಿನ ಪಕ್ಕ ‘ವಿಡಿಯೋ’ ಅಂತಲೂ ಬರೆದಿದ್ದರೆ ಹಳದಿ ಪಿನ್ ಅಲ್ಲಿಗೆ ಹೋಗಬೇಕು. ಇನ್ನು ಕೆಲವಕ್ಕೆ ಇಯರ್‌ಫೋನ್ ತೂತಿನಂಥ ಒಂದೇ ಜ್ಯಾಕ್. ಅದಕ್ಕೆ 3.5 ಎಂಎಂ ಎವಿ ವೈರ್ ಬೇರೆ ಕೊಳ್ಳಬೇಕು. ಆ ವೈರುಗಳಲ್ಲಿ ಒಳಜೋಡಣೆ ಒಂದೊಂದು ಕಂಪನಿಗೆ ಒಂದೊಂದು ಥರ. ಚಿತ್ರ ಬರದೆ ಬರೀ ಕರ್ರ್ ಶಬ್ದ ಬಂದರೆ ಯಂತ್ರ ಕೆಟ್ಟಿದೆ ಅಂದುಕೊಳ್ಳಬೇಡಿ, ಮೂರು ಪಿನ್ನನ್ನೂ ಅದಲುಬದಲು ಮಾಡಿ ನೋಡಿ.

ಎವಿ ತೂತೇ ಇಲ್ಲದ ಟಿವಿಗೆ ಕನ್ವರ್ಟರ್ ಡಬ್ಬಿ ಬೇಕು. ಡಬ್ಬಿಯ ಮೇಲೆ ‘ಎವಿ2ಎಚ್‌ಡಿಎಂಐ’ ಅಂತ ಇರಬೇಕು. ನೋಡಲು ಹಾಗೇ ಇರುವ ‘ಎಚ್‌ಡಿಎಂಐ2ಎವಿ’ ಉಲ್ಟಾ ಕೆಲಸದ್ದು. ಅದನ್ನು ತಂದು ‘ಬರ್ತಾ ಇಲ್ಲ’ ಅಂತ ವಾಪಸ್ ಓಡುವವರು ಎಷ್ಟೋ ಜನ.

ಚಿತ್ರ ಬಂತು. ಈಗ ಟಿವಿ ಸೆಟ್ಟಿಂಗಿಗೆ ಹೋಗಿ ಮೂರು ಕೆಲಸ ಮಾಡಿ. ಪಿಕ್ಚರ್ ಮೋಡ್ ‘ಗೇಮ್’. ಅಗಲ 4:3, ಇಲ್ಲದಿದ್ದರೆ ಮಾರಿಯೋ ಅಡ್ಡಡ್ಡ ಊದಿಕೊಂಡಿರುತ್ತಾನೆ. ಚಲನೆಯನ್ನು ನುಣುಪು ಮಾಡುವ ಸೌಲಭ್ಯ, ಅದಕ್ಕೆ ಆ ಕಂಪನಿ ಏನೇ ಹೆಸರಿಟ್ಟಿರಲಿ, ಆಫ್.

ಗೇಮ್ ಮೋಡ್ ಯಾಕೆ ಅಷ್ಟು ಮುಖ್ಯ ಅಂದರೆ, ಹೊಸ ಟಿವಿಗಳು ಚಿತ್ರವನ್ನು ತಿದ್ದಿ ತೀಡಿ ತೋರಿಸಲು ಸಮಯ ತಗೊಳ್ಳುತ್ತವೆ. ಸೆಕೆಂಡಿನ ಹತ್ತನೇ ಒಂದು ಪಾಲು ತಡವಾಯಿತು ಅನ್ನಿ. 60 ಹರ್ಟ್ಸ್ ಆಟದಲ್ಲಿ, ಅಂದರೆ ಸೆಕೆಂಡಿಗೆ 60 ಫ್ರೇಮ್ (ಬಿಡಿ ಚಿತ್ರ) ಓಡುವ ಆಟದಲ್ಲಿ, ಅದು ಆರು ಫ್ರೇಮ್. ಪೂರ್ತಿ ವೇಗದಲ್ಲಿ ಓಡುವ ಮಾರಿಯೋ ಒಂದು ಫ್ರೇಮಿಗೆ ಎರಡೂವರೆ ಪಿಕ್ಸೆಲ್ ಮುಂದೆ ಹೋಗುತ್ತಾನೆ. ಆರು ಫ್ರೇಮಿಗೆ 15 ಪಿಕ್ಸೆಲ್. ಆಟದ ಒಂದು ಇಟ್ಟಿಗೆಯ ಅಗಲ 16 ಪಿಕ್ಸೆಲ್. ಅಂದರೆ ಗುಂಡಿಯ ಅಂಚು ನೋಡಿ ನೀವು ಸರಿಯಾದ ಹೊತ್ತಿಗೇ ಹಾರಲು ಎ ಬಟನ್ ಒತ್ತಿದರೂ ಮಾರಿಯೋ ಹೆಚ್ಚುಕಮ್ಮಿ ಒಂದು ಇಟ್ಟಿಗೆ ಮುಂದೆ ಹೋಗಿರುತ್ತಾನೆ, ಗುಂಡಿಯೊಳಗೆ. ಡಬ್ಬಾ ಟಿವಿಯಲ್ಲಿ ಈ ತಡ ಇರಲಿಲ್ಲ. ನಿಮ್ಮ ಬೆರಳಿಗೆ ಆ ಕಾಲದ ಲೆಕ್ಕ ಇನ್ನೂ ನೆನಪಿರುವುದರಿಂದಲೇ ನೀವು ಬೀಳುತ್ತಿರುವುದು.

ಇನ್ನೊಂದು ತೊಂದರೆಯೂ ಇದೆ. ಯಂತ್ರ ಕಳಿಸುವ ಸಿಗ್ನಲ್ಲನ್ನು ಕೆಲವು ಎಲ್‌ಇಡಿ ಟಿವಿಗಳು ತಪ್ಪಾಗಿ ಓದಿ, ಎರಡೆರಡು ಫ್ರೇಮ್ ಸೇರಿಸಿ ಒಂದು ಮಾಡುತ್ತವೆ. ಏಟು ತಿಂದ ಮಾರಿಯೋ ಮಿಣಿಮಿಣಿ ಅನ್ನಬೇಕಾದ ಹೊತ್ತಿನಲ್ಲಿ ಪೂರ್ತಿ ಮಾಯ ಆಗುವುದು, ಇಲ್ಲವೇ ಬಾಚಣಿಗೆಯಂತೆ ಸೀಳಿ ಕಾಣುವುದು ಅದರಿಂದಲೇ. ಇದು ಅಂಗಡಿಯಲ್ಲಿ ಗೊತ್ತಾಗುವುದಿಲ್ಲ, ನಿಮ್ಮ ಟಿವಿಯಲ್ಲೇ ಹಾಕಿ ನೋಡಬೇಕು. ಗುಂಡು, ಶತ್ರು, ಮಾರಿಯೋ ಒಂದೇ ಅಡ್ಡಸಾಲಿನಲ್ಲಿ ಬಹಳ ಸೇರಿದಾಗ ಕೆಲವು ಮಿನುಗಿ ಮರೆಯಾಗುವುದು ಮಾತ್ರ ದೋಷವಲ್ಲ. ಒಂದು ಸಾಲಿನಲ್ಲಿ ಎಂಟೇ ತುಣುಕು ತೋರಿಸುವುದು ಮೂಲ ಯಂತ್ರದ ಮಿತಿ.

ಇನ್ನು ವೇಗದ ವಿಷಯ, ಹೆಚ್ಚಿನವರಿಗೆ ಗೊತ್ತಿಲ್ಲದ್ದು ಇದೇ. ಜಪಾನ್, ಅಮೆರಿಕದ ಟಿವಿ 60 ಹರ್ಟ್ಸ್, ನಮ್ಮದು ಪಾಲ್ (PAL) ಎಂಬ ಟಿವಿ ಪದ್ಧತಿಯ 50 ಹರ್ಟ್ಸ್. ನಮ್ಮಲ್ಲಿ ಮಾರಿದ ನಕಲು ಯಂತ್ರಗಳು ಹೆಚ್ಚಾಗಿ 50ಕ್ಕೇ ಹೊಂದಿಸಿದವು. ಆಟದ ಲೆಕ್ಕವೆಲ್ಲ ಫ್ರೇಮಿನ ಮೇಲೆ ನಿಂತಿರುವುದರಿಂದ ಸೆಕೆಂಡಿಗೆ 60ರ ಬದಲು 50 ಫ್ರೇಮ್ ಓಡಿದರೆ ಇಡೀ ಆಟ ಆರರಲ್ಲಿ ಐದು ಪಾಲು ವೇಗಕ್ಕೆ ಇಳಿಯುತ್ತದೆ. ಕೋಜಿ ಕೊಂಡೊ ಮಾಡಿದ ಮಾರಿಯೋ ಸಂಗೀತವೂ ಅಷ್ಟೇ. ಶ್ರುತಿ ಹೆಚ್ಚುಕಮ್ಮಿ ಅದೇ, ನಡೆ ಮಾತ್ರ ನಿಧಾನ. ಕರ್ನಾಟಕದ ಮನೆಗಳಲ್ಲಿ ಬೇಸಿಗೆ ರಜೆಯಲ್ಲಿ ಕೇಳಿಸಿದ್ದು ಆ ನಿಧಾನದ ಮಾರಿಯೋ. ಎಚ್‌ಡಿಎಂಐ ಸ್ಟಿಕ್‌ನಲ್ಲಿ ಸಾಮಾನ್ಯವಾಗಿ ಓಡುವುದು 60ರ ಮಾರಿಯೋ. ಹಾಡು ಅವಸರದಲ್ಲಿದ್ದಂತೆ, ಆಮೆಗಳು ಮೈಮೇಲೆ ಬಿದ್ದಂತೆ ಅನ್ನಿಸಿದರೆ ನಿಮ್ಮ ನೆನಪು ತಪ್ಪಿಲ್ಲ. ಹಲವು ನಕಲು ಚಿಪ್ಪುಗಳಲ್ಲಿ ಎರಡು ಬಗೆಯ ಧ್ವನಿ ಅಲೆಗಳು ಅದಲುಬದಲಾಗಿದ್ದವು. ಹಾಗಾಗಿ ನಾದವೂ ಮೂಲದ್ದಕ್ಕಿಂತ ಬೇರೆ ಇತ್ತು.

ಇದನ್ನು ಅಂಗಡಿಯಲ್ಲೇ ಅಳೆಯಬಹುದು. ಮಾರಿಯೋದ ಮೊದಲ ಸ್ಟೇಜ್ 1-1 ಶುರು ಮಾಡಿ, ಏನೂ ಒತ್ತದೆ ನಿಂತಲ್ಲೇ ನಿಲ್ಲಿಸಿ. ಮೇಲೆ ಬಲಗಡೆ ‘ಟೈಮ್’ 400ರಿಂದ ಇಳಿಯುತ್ತದೆ. ಮೊಬೈಲಿನ ಸ್ಟಾಪ್‌ವಾಚ್ ಹಚ್ಚಿ 300ಕ್ಕೆ ಬರುವವರೆಗೆ ನೋಡಿ. ಒಂದೊಂದು ಅಂಕಿ ಇಳಿಯಲು 24 ಫ್ರೇಮ್ ಬೇಕು. 40 ಸೆಕೆಂಡ್ ಬಂದರೆ ಯಂತ್ರ 60ರದ್ದು, 48 ಬಂದರೆ 50ರದ್ದು. ಪೂರ್ತಿ 400ಕ್ಕೆ ಒಂದರಲ್ಲಿ 160 ಸೆಕೆಂಡ್, ಇನ್ನೊಂದರಲ್ಲಿ 192. ಅದೇ ಸ್ಟೇಜಿಗೆ ಅರ್ಧ ನಿಮಿಷಕ್ಕೂ ಹೆಚ್ಚು ಸಮಯ ಚಿಕ್ಕಂದಿನಲ್ಲಿ ಸಿಗುತ್ತಿತ್ತು. ಆಗಿನಂತೆಯೇ ಬೇಕು ಅನ್ನುವವರು 48ರ ಯಂತ್ರ ಆರಿಸಿಕೊಳ್ಳಿ. ನಮ್ಮ ಆಯ್ಕೆಯೂ ಅದೇ.

ರಿಮೋಟ್ ಈ ಪೆಟ್ಟಿಗೆಯ ಅತ್ಯಂತ ಕಳಪೆ ಭಾಗ. ಮುಷ್ಟಿಗೆ ಹಿಡಿದು ನಾಲ್ಕು ದಿಕ್ಕಿನ ಗುಂಡಿಯನ್ನು ಒಂದೊಂದು ಕಡೆಗೂ ಒತ್ತಿ ನೋಡಿ. ಬಲಕ್ಕೆ ಒತ್ತಿದಾಗ ಕೆಳಗಿನದೂ ಸೇರಿ ಒತ್ತಿಕೊಂಡರೆ ಆ ರಿಮೋಟ್ ಬೇಡ. ಮಾರಿಯೋ ಓಡುತ್ತ ಓಡುತ್ತ ವೇಗ ಕಳೆದುಕೊಳ್ಳುತ್ತಾನೆ, ಹಾರಿದ್ದು ದಾಟುವುದಿಲ್ಲ. ಎ, ಬಿ ಗುಂಡಿಗಳ ಜೊತೆ ಟರ್ಬೋ ಎ, ಟರ್ಬೋ ಬಿ ಅಂತ ಇನ್ನೆರಡು ಇರುತ್ತವೆ. ಟರ್ಬೋ ಅಂದರೆ ಒತ್ತಿಹಿಡಿದರೆ ಪಟಪಟ ಅಂತ ಒತ್ತಿ ಬಿಟ್ಟು ಮಾಡುವುದು. ಕಾಂಟ್ರಾದಲ್ಲಿ ಗುಂಡು ಹಾರಿಸಲು ಅದು ಚೆನ್ನ. ಮಾರಿಯೋದಲ್ಲಿ ಎಷ್ಟು ಹೊತ್ತು ಎ ಹಿಡಿದಿರುತ್ತೀರೋ ಅಷ್ಟು ಎತ್ತರ ಹಾರುತ್ತಾನೆ, ಹೆಬ್ಬೆರಳು ಟರ್ಬೋ ಮೇಲೆ ಬಿದ್ದರೆ ಕುಪ್ಪಳಿಸಿ ಗುಂಡಿಗೇ. ಯಾವ ಸಾಲು ಟರ್ಬೋ ಅನ್ನುವುದು ಮೊದಲೇ ನೋಡಿಟ್ಟುಕೊಂಡು, ಅದರ ಮೇಲೆ ಒಂದು ತುಂಡು ಟೇಪ್ ಅಂಟಿಸಿ.

ಒತ್ತಿದ್ದು ಹತ್ತದಿದ್ದರೆ ರಿಮೋಟಿನ ಹಿಂದಿನ ಸ್ಕ್ರೂ ಬಿಚ್ಚಿ. ರಬ್ಬರ್ ಪದರದ ಅಡಿಯಲ್ಲಿ ಕರಿ ಕಾರ್ಬನ್ ಚುಕ್ಕೆಗಳು, ಬೋರ್ಡಿನಲ್ಲಿ ಅದಕ್ಕೆ ಎದುರಾಗಿ ಬಾಚಣಿಗೆಯಂಥ ಗೆರೆಗಳು. ಎರಡನ್ನೂ ಐಸೋಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಹತ್ತಿಕಡ್ಡಿಯಿಂದ ಮೆಲ್ಲಗೆ ಒರೆಸಿ. ಕಾರ್ಬನ್ ಚುಕ್ಕೆಯನ್ನು ಉಜ್ಜಿದರೆ ಪದರ ಕಿತ್ತುಬರುತ್ತದೆ, ಹುಷಾರು. ಎಲ್ಲ ಗುಂಡಿಯೂ ಒಟ್ಟಿಗೇ ಸತ್ತಿದ್ದರೆ ವೈರ್ ತುಂಡಾಗಿದೆ. ಒಳಗೆ ಐದು ಎಳೆ: ಕರೆಂಟು, ನೆಲ, ಇನ್ನು ಮೂರು ಸಂಕೇತಕ್ಕೆ. ತುಂಡಾಗುವುದು ಹೆಚ್ಚಾಗಿ ವೈರ್ ರಿಮೋಟಿನಿಂದ ಹೊರಬರುವ ಕುತ್ತಿಗೆಯಲ್ಲಿ. ಎರಡು ಇಂಚು ಕತ್ತರಿಸಿ, ಬಣ್ಣ ನೋಡಿಕೊಂಡು ಮತ್ತೆ ಬೆಸುಗೆ ಹಾಕಿದರೆ ಮುಗಿಯಿತು.

ಕ್ಯಾಸೆಟ್ ಬರದಿದ್ದರೆ ಬಾಯಿಂದ ಊದಿ ಹಾಕುವ ಅಭ್ಯಾಸ ಎಲ್ಲರ ಕೈಯಲ್ಲೂ ಉಳಿದಿದೆ. ಊದಿದ್ದರಿಂದ ಸರಿಹೋಗುತ್ತಿದ್ದದ್ದಲ್ಲ, ತೆಗೆದು ಮತ್ತೆ ಕೂರಿಸಿದ್ದರಿಂದ. ಉಸಿರಿನ ತೇವ ಆ ಪಿನ್ನುಗಳನ್ನು ಕಪ್ಪುಗಟ್ಟಿಸುತ್ತದೆ. ಕ್ಯಾಸೆಟ್ಟಿನ ಬಾಯಲ್ಲಿ ಒಂದು ಬದಿಗೆ 30ರಂತೆ 60 ಪಿನ್ ಇವೆ. ಬಿಳಿ ರಬ್ಬರಿನಿಂದ ಉದ್ದಕ್ಕೆ ನಾಲ್ಕು ಸಲ ಉಜ್ಜಿ, ಚೂರು ಕೊಡವಿ, ಸ್ಪಿರಿಟ್ಟಿನಿಂದ ಒರೆಸಿ, ಒಣಗಿದ ಮೇಲೆ ನೇರವಾಗಿ ಒತ್ತಿ ಕೂರಿಸಿ. ಯಂತ್ರ ಆನ್ ಇರುವಾಗ ಕ್ಯಾಸೆಟ್ ಕೀಳಬೇಡಿ.

ಅಡಾಪ್ಟರ್ ಕೆಟ್ಟರೆ ಮನೆಯಲ್ಲಿರುವ ಯಾವುದೋ ಒಂದನ್ನು ಸಿಕ್ಕಿಸಬಾರದು. ಹಳೆಯವು ಸಾಮಾನ್ಯವಾಗಿ 9 ವೋಲ್ಟ್ ಡಿಸಿ, ಹೊಸವಲ್ಲಿ 5 ವೋಲ್ಟಿನವೂ ಇವೆ. ಪಿನ್ನಿನ ನಡುಭಾಗ ಪ್ಲಸ್ಸೋ ಮೈನಸ್ಸೋ ಅನ್ನುವುದು ಹಳೆಯ ಅಡಾಪ್ಟರಿನ ಮೇಲಿನ ಗುರುತಿನಲ್ಲಿರುತ್ತದೆ. ಅದು ಉಲ್ಟಾ ಆದರೆ ಆ ಕರಿ ಬೊಟ್ಟು ಸುಟ್ಟಂತೆಯೇ. ಅಡ್ಡ ಪಟ್ಟೆಗಳು ಚಿತ್ರದ ಮೇಲೆ ಮೆಲ್ಲಗೆ ಹರಿದಾಡುತ್ತಿದ್ದರೆ, ಗುಂಯ್ ಶಬ್ದ ಬರುತ್ತಿದ್ದರೆ ಅಡಾಪ್ಟರಿನ ಕೆಪಾಸಿಟರ್ ಒಣಗಿದೆ. ಹೊಸ ಅಡಾಪ್ಟರ್ ತರುವುದೇ ಮೇಲು.

ಬಂದೂಕಿನ ಬಗ್ಗೆ ಸ್ಪಷ್ಟವಾಗಿ ಹೇಳಬೇಕು: ಎಲ್‌ಇಡಿ ಟಿವಿಯಲ್ಲಿ ಬಾತುಕೋಳಿ ಹೊಡೆಯುವ ಆಟ ಆಡಿದರೆ ಒಂದೂ ಬೀಳುವುದಿಲ್ಲ. ಕುದುರೆ ಎಳೆದ ಕ್ಷಣ ಪರದೆ ಒಂದು ಫ್ರೇಮ್ ಪೂರ್ತಿ ಕಪ್ಪಾಗಿ, ಮರುಕ್ಷಣ ಬಾತುಕೋಳಿ ಇದ್ದ ಜಾಗದಲ್ಲಿ ಬಿಳಿ ಚೌಕ ಬರುತ್ತದೆ. ಬಂದೂಕಿನ ನಳಿಗೆಯೊಳಗಿನ ಕಣ್ಣು ಆ ಬೆಳಕನ್ನು ಅದೇ ಕ್ಷಣದಲ್ಲಿ ಕಾಣಬೇಕು. ಹೊಸ ಟಿವಿ ತಡವಾಗಿ ತೋರಿಸುವ ಹೊತ್ತಿಗೆ ಆಟ ‘ತಪ್ಪಿತು’ ಅಂತ ಬರೆದುಕೊಂಡಾಗಿರುತ್ತದೆ. ಬಂದೂಕಿನ ಆಸೆಗೇ ಕೊಳ್ಳುವವರು ಡಬ್ಬಾ ಟಿವಿ ಇದ್ದರೆ ಮಾತ್ರ ಕೊಳ್ಳಿ.

ಈಗ ಆಟಗಳು. 9999999 ಅನ್ನುವುದು ಲೇಬಲ್ಲಿನ ಮಾತು, ನಿಜವಾದ ಆಟಗಳು ಬೆರಳೆಣಿಕೆಯಿಂದ ಹಿಡಿದು ಕೆಲವು ಡಜನ್. ಉಳಿದದ್ದು ಅದೇ ಆಟ ಬೇರೆ ಸ್ಟೇಜಿನಿಂದ, ಹೆಚ್ಚು ಲೈಫಿನಿಂದ ಶುರುವಾಗುವುದು. ಮಾರಿಯೋ, ಕಾಂಟ್ರಾ, ಟ್ಯಾಂಕ್ ಈ ಮೂರೂ ಇರುವ ಕ್ಯಾಸೆಟ್ಟೇ ಬೇಕು ಅಂತ ಮೆನು ತೆರೆಸಿ ನೋಡಿ. ರೋಡ್ ಫೈಟರ್, ಸರ್ಕಸ್ ಚಾರ್ಲಿ ನೆನಪಿನಲ್ಲಿ ದೊಡ್ಡವು, ಈಗ ಹತ್ತು ನಿಮಿಷಕ್ಕೆ ಸಾಕು. ಅವು ಬೇಸರ ತಂದರೆ ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ಆಗ ಇದ್ದದ್ದು ಒಂದೇ ಕ್ಯಾಸೆಟ್, ಅದಕ್ಕೇ ಅವು ಅಷ್ಟು ಉದ್ದ ಇದ್ದವು.

ಮಾರಿಯೋ ಈಗಲೂ ಗಟ್ಟಿ. ಗೇಮ್ ಓವರ್ ಆದ ಮೇಲೆ ಮೊದಲ ಪರದೆಯಲ್ಲಿ ಎ ಹಿಡಿದುಕೊಂಡು ಸ್ಟಾರ್ಟ್ ಒತ್ತಿದರೆ ಸತ್ತ ವರ್ಲ್ಡಿನ (ನಾಲ್ಕು ಸ್ಟೇಜಿನ ಗುಂಪು) ಮೊದಲ ಸ್ಟೇಜಿನಿಂದಲೇ ಮುಂದುವರಿಯಬಹುದು. ಇದೊಂದು ಗೊತ್ತಿದ್ದಿದ್ದರೆ ಎಷ್ಟು ಮಕ್ಕಳ ಎಷ್ಟು ಮಧ್ಯಾಹ್ನ ಉಳಿಯುತ್ತಿತ್ತೋ. 4-4ರ ಕೋಟೆ ಸುತ್ತಿ ಸುತ್ತಿ ಅಲ್ಲಿಗೇ ಬರುವುದು ಕ್ಯಾಸೆಟ್ಟಿನ ದೋಷವಲ್ಲ, ತಪ್ಪು ದಾರಿ ಹಿಡಿದರೆ ಮತ್ತೆ ಮೊದಲಿಗೆ ತರುವಂತೆ ಮಾಡಿದ್ದಾರೆ.

ಆದರೆ ದೊಡ್ಡವರಾದ ಮೇಲೂ ಕೂಡಿಸಿಕೊಳ್ಳುವ ಆಟ ಅಂದರೆ ಟ್ಯಾಂಕ್. ಮೂಲ ಹೆಸರು ಬ್ಯಾಟಲ್ ಸಿಟಿ, ನಾಮ್ಕೊ ಕಂಪನಿಯದು, 1985. ಒಟ್ಟು 35 ಸ್ಟೇಜ್, ಒಂದೊಂದರಲ್ಲಿ 20 ಶತ್ರು ಟ್ಯಾಂಕ್. 4ನೇ, 11ನೇ, 18ನೇ ಟ್ಯಾಂಕ್ ಮಿನುಗುತ್ತ ಬರುತ್ತವೆ, ಅವಕ್ಕೆ ಹೊಡೆದರೆ ಬಹುಮಾನ. ಸಲಿಕೆ ಸಿಕ್ಕರೆ ನಾವು ಕಾಯಬೇಕಾದ ಹದ್ದಿನ ಸುತ್ತ ಸ್ವಲ್ಪ ಹೊತ್ತು ಉಕ್ಕಿನ ಗೋಡೆ. ಮೂರು ನಕ್ಷತ್ರ ಸೇರಿದರೆ ಉಕ್ಕನ್ನೂ ಒಡೆಯಬಹುದು. ಇಬ್ಬರು ಆಡುವಾಗ ಒಬ್ಬರ ಗುಂಡು ಇನ್ನೊಬ್ಬರಿಗೆ ತಗುಲಿದರೆ ಸಾಯುವುದಿಲ್ಲ, ಕ್ಷಣ ಹೊತ್ತು ಕದಲದೆ ನಿಲ್ಲುತ್ತಾರೆ. ಅಣ್ಣತಮ್ಮಂದಿರ ಜಗಳವೆಲ್ಲ ಅಲ್ಲೇ ಶುರು. ನಿಮಗೆ ನೆನಪಿರುವ ಟ್ಯಾಂಕ್ ದೋಣಿ ಸಿಕ್ಕ ಮೇಲೆ ನೀರಿನ ಮೇಲೂ ಹೋಗುತ್ತಿದ್ದರೆ, ನೀವು ಆಡಿದ್ದು ಮೂಲದ್ದಲ್ಲ, ‘ಟ್ಯಾಂಕ್ 1990’ ಅನ್ನುವ ತಿದ್ದಿದ ಕಳ್ಳಪ್ರತಿ. ಕ್ಯಾಸೆಟ್ಟಿನಲ್ಲಿ ಅದೇ ಇದೆಯೇ ನೋಡಿಕೊಳ್ಳಿ, ಇಲ್ಲದಿದ್ದರೆ ಏನೋ ಕಡಿಮೆ ಅನ್ನಿಸುತ್ತಲೇ ಇರುತ್ತದೆ.

ಕಾಂಟ್ರಾಗೆ ಮೊದಲ ಪರದೆಯಲ್ಲಿ ಮೇಲೆ, ಮೇಲೆ, ಕೆಳಗೆ, ಕೆಳಗೆ, ಎಡ, ಬಲ, ಎಡ, ಬಲ, ಬಿ, ಎ, ಸ್ಟಾರ್ಟ್: 30 ಲೈಫ್. ಇಬ್ಬರಾದರೆ ಸ್ಟಾರ್ಟಿಗೆ ಮುಂಚೆ ಸೆಲೆಕ್ಟ್. ಜಲಪಾತದ ಸ್ಟೇಜಿನಲ್ಲಿ ಮೇಲಿನವರು ಅವಸರ ಮಾಡಿದರೆ ಪರದೆ ಮೇಲೇರಿ ಕೆಳಗಿನವರು ಸಾಯುತ್ತಾರೆ, ಮಾತಾಡಿಕೊಂಡು ಹತ್ತಿ.

ಎಚ್‌ಡಿಎಂಐ ಸ್ಟಿಕ್ ಬಗ್ಗೆ ಚುಟುಕಾಗಿ. ಹಾಕುವುದು ಸುಲಭ, ಚಿತ್ರ ಚೊಕ್ಕ, ಬಂದೂಕು ಇಲ್ಲ. ಟಿವಿಯ ಯುಎಸ್‌ಬಿಯಿಂದ ಕರೆಂಟ್ ಸಾಲದೆ ತಾನೇ ರೀಸ್ಟಾರ್ಟ್ ಆಗುತ್ತಿದ್ದರೆ 5 ವೋಲ್ಟ್ 1 ಆಂಪಿಯರ್ ಮೊಬೈಲ್ ಚಾರ್ಜರಿಗೆ ಹಾಕಿ. ಜೊತೆಗೆ ಬರುವ ಮೆಮೊರಿ ಕಾರ್ಡ್ ಅಗ್ಗದ್ದು. ತಂದ ದಿನವೇ ಕಂಪ್ಯೂಟರಿನಲ್ಲಿ ಅದರ ಪೂರ್ತಿ ಪ್ರತಿ ತೆಗೆದಿಡಿ. ಆಟದ ನಡುವೆ ಸ್ವಿಚ್ ಕಿತ್ತರೆ ಕಾರ್ಡ್ ಹಾಳಾಗುತ್ತದೆ, ಮೆನುಗೆ ಬಂದು ಆಫ್ ಮಾಡಿ. ಒಂದು ರಿಮೋಟಿಗೆ ಎರಡು ಸಣ್ಣ ಸೆಲ್ ಬೇಕು, ಸೆಲ್ ಇಳಿದಾಗ ಒತ್ತಿದ್ದು ಬಿಟ್ಟುಬಿಟ್ಟು ಹತ್ತುತ್ತದೆ.

ಕ್ಯಾಸೆಟ್ಟಾಗಲಿ ಸ್ಟಿಕ್ಕಾಗಲಿ, ಇವುಗಳಲ್ಲಿರುವ ಆಟಗಳಿಗೆ ಮೂಲ ಕಂಪನಿಯ ಅನುಮತಿ ಇರುವುದಿಲ್ಲ. ಹಣ ಕೊಟ್ಟು ಸರಿಯಾದ ಪ್ರತಿ ಬೇಕು ಅನ್ನುವವರಿಗೆ ದಾರಿ ಇದೆ. ಕಾಂಟ್ರಾ ಆನಿವರ್ಸರಿ ಕಲೆಕ್ಷನ್ 2019ರಲ್ಲಿ, ಬ್ಯಾಟಲ್ ಸಿಟಿ ಇರುವ ನಾಮ್ಕೊ ಮ್ಯೂಸಿಯಂ ಆರ್ಕೈವ್ಸ್ ಎರಡನೇ ಸಂಪುಟ 2020ರಲ್ಲಿ ಕಂಪ್ಯೂಟರಿಗೂ ಬಂದಿವೆ. ಮಾರಿಯೋ ಮಾತ್ರ ನಿಂಟೆಂಡೊ ಯಂತ್ರದಲ್ಲೇ.

ಒಬ್ಬರೇ ಆಡುವವರಿಗೆ ಸ್ಟಿಕ್ ಸಾಕು. ಡಬ್ಬಾ ಟಿವಿ ಇದ್ದು, ಜೊತೆಗೆ ಆಡಲು ಇನ್ನೊಬ್ಬರು ಇದ್ದರೆ ಕ್ಯಾಸೆಟ್ ಯಂತ್ರಕ್ಕೆ ಸಾಟಿ ಇಲ್ಲ. ಎರಡನೇ ರಿಮೋಟ್ ಅಂಗಡಿಯಲ್ಲೇ ಪರೀಕ್ಷಿಸಿ ತನ್ನಿ, ಎಷ್ಟೋ ಸಲ ಮೊದಲನೆಯದು ಮಾತ್ರ ಸರಿಯಾಗಿರುತ್ತದೆ. ವೈರ್ ಗಿಡ್ಡ, ಸೋಫಾವರೆಗೆ ಎಟುಕುವುದಿಲ್ಲ. ಎಳೆದು ಕೂತರೆ ಆ ಕುತ್ತಿಗೆಯಲ್ಲೇ ತುಂಡಾಗುತ್ತದೆ. ಟಿವಿ ಮುಂದೆ ನೆಲಕ್ಕೆ ಚಾಪೆ ಹಾಸಿ ಕೂರಬೇಕು.